ಅರ್ಜಿ ಹಾಕಬೇಡ ಎಂದ ನನ್ನ ಒಳಮನಸ್ಸಿಗೆ

ಮಾನ್ಯ ಒಳಮನಸ್ಸಿನವರೇ,

ನನ್ನ ಎದೆಗೂ ಹೊಟ್ಟೆಗೂ ನಡುವೆ ಎಲ್ಲೋ ಬಾಡಿಗೆ ಕೊಡದೆ ವಾಸವಾಗಿರುವ ತಮಗೆ, ಆಸ್ಪತ್ರೆಯ ಎಕ್ಸ್-ರೇ ವಿಭಾಗದ ಹಂಗಾಮಿ ನೌಕರಳಾದ ನಾನು ತಲೆಬಾಗಿ ಮಾಡುವ ವಂದನೆಗಳು. ಕಂಡವರ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುವ ನನಗೆ ತಾವು ಮಾತ್ರ ಯಾವ ಫಿಲ್ಮಿನಲ್ಲೂ ಸಿಕ್ಕಿಲ್ಲವಾದ್ದರಿಂದ, ದೂರನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ.

ನಮ್ಮ ವಿಭಾಗದ ಹಂಗಾಮಿಗಳಿಗೆಂದೇ ಒಂದೇ ಒಂದು ಕಾಯಂ ಹುದ್ದೆಯ ಪ್ರಕಟಣೆ ಹೊರಬಿದ್ದಾಗ, ಆ ಹುದ್ದೆ ಪಕ್ಕದ ಕೋಣೆಯ ಗೆಳತಿಗೆ ಆಗಲೇ ನಿಗದಿಯಾಗಿಹೋಗಿದೆಯೆಂದು ತಾವು ನನಗೆ ತಿಳಿಸಿದಿರಿ. ಸಾಕ್ಷಿ ಕೇಳಿದ್ದಕ್ಕೆ, ಮುಖ್ಯಸ್ಥರು ಹೊಸ ಯಂತ್ರವನ್ನು ಮೊದಲು ಅವಳ ಕೈಗೇ ಕೊಟ್ಟದ್ದನ್ನು ತೋರಿಸಿದಿರಿ. ತಮ್ಮ ಮಾತು ನನಗೆ ವೇದವಾಕ್ಯ; ಅರ್ಜಿ ಹಾಕದೆ, ಬಹಳ ಘನತೆಯಿಂದ, ಹೊಟ್ಟೆ ಉರಿದುಕೊಂಡು ಕುಳಿತೆ.

ಕೊನೆಯ ದಿನ ಕಳೆದ ಮೇಲೆ ಮುಖ್ಯಸ್ಥರು ಕಂಗಾಲಾಗಿ ಬಂದರು. ಒಂದು ಅರ್ಜಿಯೂ ಬಂದಿರಲಿಲ್ಲ! ವಿಚಾರಿಸಿದರೆ, ಗೆಳತಿಯ ಒಳಮನಸ್ಸು ಹುದ್ದೆಯನ್ನು ನನಗೆ ದಯಪಾಲಿಸಿತ್ತು. ಮುಖ್ಯಸ್ಥರು ನಮ್ಮಮ್ಮನ ಮಂಡಿನೋವು ವಿಚಾರಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳಂತೆ. ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನವನು ಅದೇ ಹುದ್ದೆಯನ್ನು ಮನಸ್ಸಿನಲ್ಲೇ ರಾತ್ರಿಪಾಳಿಯವನಿಗೂ, ರಾತ್ರಿಪಾಳಿಯವನು ಡಾರ್ಕ್‌ರೂಮಿನವನಿಗೂ ಕೊಟ್ಟುಬಿಟ್ಟಿದ್ದರು. “ನಿಂದೇ ಅಂದ್ಕೊಂಡು ನಾನು ಸುಮ್ನಿದ್ದೆ ಕಣೇ,” ಎಂದಳು ಗೆಳತಿ. ಇಷ್ಟೊಂದು ಉದಾರವಾಗಿ ಹಂಚಿಯೂ ಒಬ್ಬರಿಗೂ ಸಿಗದಂತೆ ನೋಡಿಕೊಂಡ ತಮ್ಮ ಬಳಗದ ಚಾಕಚಕ್ಯತೆಗೆ ಯಾವ ಆಯ್ಕೆ ಸಮಿತಿಯೂ ಸಾಟಿಯಲ್ಲ.

ಈಗ ಎರಡನೇ ಪ್ರಕಟಣೆ ಬಂದಿದೆ. ಇವತ್ತು ಸಂಜೆಯೊಳಗೆ ಯಾರೂ ಅರ್ಜಿ ಹಾಕದಿದ್ದರೆ ಹುದ್ದೆಯೇ ರದ್ದು, ನಾವೆಲ್ಲ ಸಾಯುವವರೆಗೂ ಹಂಗಾಮಿಗಳು. ಆದ್ದರಿಂದ ತಾವು ದಯಮಾಡಿ ಸಂಜೆಯವರೆಗೆ ರಜೆಯ ಮೇಲೆ ತೆರಳಬೇಕು. ಅದಾಗದಿದ್ದರೆ ನಮ್ಮ ಯಂತ್ರದೆದುರು ಉಸಿರು ಬಿಗಿಹಿಡಿದು ಅಲುಗಾಡದೆ ನಿಂತು, ತಾವು ನಿಜವಾಗಿ ಯಾರೆಂದು ಒಮ್ಮೆ ತೋರಿಸಿಕೊಡಬೇಕು. ತಾವು ಬರೀ ಸೋಲುವ ಭಯವೇ ಇರಬೇಕೆಂದು ನನಗಂತೂ ಅನುಮಾನವಿದೆ. ಆ ಭಯ ನನ್ನದೇ, ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಜ್ಞಾನದ ಅಂಗಿ ತೊಡಿಸಿ ಓಡಾಡಿಸಿದವರು ಮಾತ್ರ ತಾವು.

ಸಂಜೆ ಐದರ ನಂತರ ಮತ್ತೆ,
ತಮ್ಮ ವಿಶ್ವಾಸಿ,
ಹಂಗಾಮಿ

ವಿ.ಸೂ.: ಈಗಷ್ಟೇ ಅರ್ಜಿ ಕೊಟ್ಟು ಬಂದೆ. ಗೆಳತಿಯೂ ಸಾಲಿನಲ್ಲಿದ್ದಳು, ಡಾರ್ಕ್‌ರೂಮಿನವನೂ ಇದ್ದ. “ನಿನಗೆ ಸಿಗಲ್ಲ ಬಿಡು” ಎಂದು ತಾವು ಪಿಸುಗುಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು. ತಮ್ಮ ಮಾತು ಈವರೆಗೆ ಎಷ್ಟು ನಿಜವಾಗಿದೆಯೆಂದು ನೆನೆದು, ನನಗೆ ತುಂಬಾ ಧೈರ್ಯ ಬಂತು.