ಖಾಲಿ ಹೊಟ್ಟೆಗೆ ಅವಲಕ್ಕಿ

ರೋಗಿಯನ್ನು ನೋಡಿಕೊಳ್ಳುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅತ್ತೆಗೆ ಲಕ್ವ ಹೊಡೆದಾಗ, ಮಾವನ ಸಕ್ಕರೆ ಕಾಯಿಲೆಯ ಕಾಲು ಹುಣ್ಣಾದಾಗ, ಎಲ್ಲ ಆರೈಕೆ ನನ್ನ ಕೈಯಲ್ಲೇ ನಡೆದದ್ದು. ಶಾಲೆ ಕಲಿತದ್ದು ಕಡಿಮೆ ಇರಬಹುದು. ಗಂಜಿ ಯಾವಾಗ, ಕಷಾಯ ಯಾವಾಗ ಎಂದು ತಿಳಿಯಲು ಶಾಲೆ ಯಾಕೆ? ಹಾಗಾಗಿ ನಮ್ಮವರ ಹರ್ನಿಯಾ ಆಪರೇಷನ್ನಿಗೆ ಸಾಗರದ ಆಸ್ಪತ್ರೆಯಲ್ಲಿ ಯಾರು ಉಳಿಯುವುದು ಎಂದು ಮಗಳು ಕೇಳಿದಾಗ, ಇದೂ ಒಂದು ಪ್ರಶ್ನೆಯೇ ಎಂದು ನಕ್ಕುಬಿಟ್ಟೆ.

ಅವರನ್ನು ಒಪ್ಪಿಸಿದ್ದೇ ದೊಡ್ಡ ಸಾಹಸ. ಕಿಬ್ಬೊಟ್ಟೆಯ ಉಬ್ಬನ್ನು ವರ್ಷಗಟ್ಟಲೆ ಪಂಚೆಯೊಳಗೆ ಬಚ್ಚಿಟ್ಟುಕೊಂಡು, ಕೆಮ್ಮು ಬಂದರೆ ಕೈಯಿಂದ ಒತ್ತಿ ಹಿಡಿದು ತಿರುಗಿದ ಮನುಷ್ಯ. ಕರುಳು ಒಳಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ ಮೇಲೂ, ಮಳೆ ಕಳೆಯಲಿ, ತಿಥಿ ಕಳೆಯಲಿ ಎಂದು ದೂಡುತ್ತಿದ್ದರು. ಇನ್ನು ಒಲೆ ಹಚ್ಚುವುದಿಲ್ಲ ಎಂದು ಹೆದರಿಸಿಯೇ ನಾನು ಬಸ್ಸು ಹತ್ತಿಸಿದ್ದು. ಒಮ್ಮೆ ತಪ್ಪಿಸಿಕೊಂಡರೆ ಮತ್ತೆ ಕೈಗೆ ಸಿಗುವ ಆಸಾಮಿಯಲ್ಲ.

ಹಿಂದಿನ ಸಂಜೆ ಸಿಸ್ಟರ್ ಬಂದು, ಬೆಳಗ್ಗೆ ಅಜ್ಜನ ಬಾಯಿಗೆ ಏನೂ ಹಾಕಬೇಡಿ, ಖಾಲಿ ಹೊಟ್ಟೆಯಲ್ಲಿರಬೇಕು ಎಂದಳು. ಯಾಕೆಂದೂ ಹೇಳತೊಡಗಿದಳು. ನಾನು ಪೂರ್ತಿ ಕೇಳಲಿಲ್ಲ. ಉಪವಾಸದ ಪಾಠ, ಅದೂ ನನಗೆ! ಮದುವೆಯಾದಂದಿನಿಂದ ಒಂದು ಏಕಾದಶಿಯನ್ನೂ ಬಿಟ್ಟವಳಲ್ಲ.

ನಮ್ಮ ಮನೆಯಲ್ಲಿ ಉಪವಾಸವೆಂದರೆ ಅನ್ನ ಮುಟ್ಟುವುದಿಲ್ಲ, ಅಷ್ಟೇ. ಅವಲಕ್ಕಿ ನಡೆಯುತ್ತದೆ, ಹಣ್ಣು ನಡೆಯುತ್ತದೆ, ಹಾಲು ಹಾಕಿದ ಕಷಾಯವಂತೂ ಲೆಕ್ಕಕ್ಕೇ ಇಲ್ಲ. ಬೆಳಗಾಗುತ್ತಲೇ ಶಾಸ್ತ್ರೋಕ್ತವಾಗಿ ಅವರಿಗೆ ಉಪವಾಸ ಮಾಡಿಸಿದೆ. ಒಂದು ಬಟ್ಟಲು ಮೊಸರವಲಕ್ಕಿ ಇಳಿಯಿತು. ಪಕ್ಕದ ಮಂಚದಲ್ಲಿ ಗಂಡನ ಕಾಲು ಬಾತುಕೊಂಡಿತೆಂದು ಜೊತೆಗೆ ಉಳಿದಿದ್ದ ಮೇಳಿಗೆಯ ಶಾರದಮ್ಮ, ಪಾಪ ಬರೀ ಹೊಟ್ಟೆ ಎಂದು ಬಾಳೆಹಣ್ಣು ಕೊಟ್ಟಳು. ಈಗ ಕೇಳಿದರೆ ಅವಳಿಗೆ ನೆನಪಿಲ್ಲವಂತೆ.

ಸ್ಟ್ರೆಚರ್ ಬಂತು. ಏನಾದರೂ ತಿಂದಿದ್ದಾರಾ ಎಂದು ಸಿಸ್ಟರ್ ಕೇಳಿದಳು. ಶುದ್ಧ ಉಪವಾಸ ಎಂದೆ. ಆದರೆ ಥಿಯೇಟರ್ ಬಾಗಿಲಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಅದನ್ನೇ ನೇರವಾಗಿ ರೋಗಿಯನ್ನು ಕೇಳಿದರು. ನಮ್ಮವರು ಸುಳ್ಳು ಹೇಳುವ ಪೈಕಿಯಲ್ಲ.

"ಎಂತದೂ ಇಲ್ಲ. ಬರೀ ಅವಲಕ್ಕಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಅವಲಕ್ಕಿನಾ?"

"ಮೊಸರು ಹಾಕಿ ಕಲಸಿದ್ದು. ಒಣದು ಗಂಟ್ಲಲ್ಲಿ ಇಳೀಬೇಕಲ್ಲ ಸ್ವಾಮಿ."

"ಮತ್ತೆ?"

"ಬಾಳೆಹಣ್ಣು. ಕಷಾಯ. ಅನ್ನ ಮಾತ್ರ ಒಂದಗುಳೂ ಇಲ್ಲ. ಬೇಕಾದ್ರೆ ಆಣೆ ಮಾಡ್ತೀನಿ."

ಡಾಕ್ಟರಿಗೆ ಆಣೆ ಬೇಕಿರಲಿಲ್ಲ. ಮತ್ತಿನಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಉಸಿರಿನ ದಾರಿಗೆ ಇಳಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಸಮಾಧಾನದಲ್ಲೇ ತಿಳಿಸಿದರು. "ಶ್ವಾಸಕೋಶಕ್ಕೆ ಅನ್ನ ಯಾವುದು, ಅವಲಕ್ಕಿ ಯಾವುದು ಗೊತ್ತಾಗೋದಿಲ್ಲ ಅಮ್ಮ" ಎಂದರು. ಆಪರೇಷನ್ ಮರುದಿನಕ್ಕೆ ಹೋಯಿತು.

ಸ್ಟ್ರೆಚರ್ ಹಿಂತಿರುಗಿತು. ಅದರ ಮೇಲೆ ನಮ್ಮವರು ಯುದ್ಧ ಗೆದ್ದವರಂತೆ ಮಲಗಿದ್ದರು. ವಾರ್ಡಿಗೆ ಬಂದವರೇ ಎದ್ದು ಕೂತು ಲೋಟ, ಟವೆಲ್ ಚೀಲಕ್ಕೆ ತುಂಬತೊಡಗಿದರು.

"ದೇವ್ರಿಗೇ ಮನಸ್ಸಿಲ್ಲ ಮಾರಾಯ್ತಿ. ನಡಿ, ಹೊಸನಗರದ ಬಸ್ ಸಿಗ್ತದೆ."

ಈಗ ಬಿಟ್ಟರೆ ಆ ಕರುಳು ಎಲ್ಲೋ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುವುದೇ. ಅಳುವುದು ನನಗೆ ಬರುವುದಿಲ್ಲ. ಅವರ ಪಂಚೆ, ಅಂಗಿ ಎರಡನ್ನೂ ಮಡಿಸಿ, ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಕೂತೆ. ಅವರ ಮೈಮೇಲಿದ್ದದ್ದು ಆಸ್ಪತ್ರೆಯ ಹಸಿರು ಅಂಗಿ. ಅದರ ಹಿಂಭಾಗದಲ್ಲಿ ಕಟ್ಟುವ ದಾರ ಬಿಟ್ಟರೆ ಬೇರೇನೂ ಇಲ್ಲ.

"ಹೋಗಿ, ನಾನೆಂತ ಹಿಡ್ಕೊಂಡಿದೀನಾ? ಬಸ್ ಸ್ಟ್ಯಾಂಡಲ್ಲಿ ಹಿಂದಿಂದ ಗಾಳಿ ಬರ್ತದೆ, ಜಾಗ್ರತೆ" ಎಂದೆ.

ಅವರು ಬಾಗಿಲು ನೋಡಿದರು. ಬೆನ್ನಿಗೆ ಕೈ ಹಾಕಿ ಮುಟ್ಟಿ ನೋಡಿಕೊಂಡರು. ಮಲಗಿದರು.

ಸಿಸ್ಟರ್ ನಮ್ಮ ತಿಂಡಿಯ ಚೀಲವನ್ನು ತನ್ನ ಮೇಜಿನ ಕೆಳಗೆ ಇಟ್ಟುಕೊಂಡಳು. ಅವರನ್ನು ಕಾಯಲು ನನ್ನನ್ನೂ, ನನ್ನನ್ನು ಕಾಯಲು ಶಾರದಮ್ಮನನ್ನೂ ಕೂರಿಸಿದಳು. ಬಾಳೆಹಣ್ಣು ಕೊಟ್ಟವಳನ್ನು! ನಾನು ಆಕಳಿಸಲು ಬಾಯಿ ತೆರೆದರೂ ಅವಳು ಇಣುಕಿ ನೋಡುವಳು. ಅಂತೂ ಮರುದಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಆಮೇಲಿನ ಆರೈಕೆಗೆ ನಾನು ಸೊಂಟ ಕಟ್ಟಿ ನಿಂತೆ. ಕೆಮ್ಮು ಬಂದರೆ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಬೇಕು ಎಂದು ಸಿಸ್ಟರ್ ತೋರಿಸಿದಳು. ಈ ಸಲ ಪೂರ್ತಿ ಕೇಳಿದೆ. ಆದರೆ ಬಂದದ್ದು ಕೆಮ್ಮಲ್ಲ. ನೋಡಲು ಬಂದವರಿಗೆಲ್ಲ ಶಾರದಮ್ಮ ನನ್ನ ಆಣೆಯ ಕಥೆ ಹೇಳುತ್ತಿದ್ದಳು, ನನ್ನ ದನಿಯಲ್ಲೇ. ನಮ್ಮವರು ದಿಂಬು ಅಪ್ಪಿಕೊಂಡು, ಅಯ್ಯೋ ಅಯ್ಯೋ ಎನ್ನುತ್ತಾ, ಕಣ್ಣೀರು ಸುರಿಸಿಕೊಂಡು ನಗತೊಡಗಿದರು. ಕಥೆ ನಿಂತರೂ ನಗು ನಿಲ್ಲಲಿಲ್ಲ. ನನ್ನನ್ನು ನೋಡಿದರೆ ಮತ್ತೆ ಶುರು.

ಸಿಸ್ಟರ್ ಓಡಿ ಬಂದಳು. ಶಾರದಮ್ಮನಿಗೆ ಏನಾದರೂ ಹೇಳುತ್ತಾಳೆಂದು ನಾನು ಕಾದೆ. ಅವಳು ದಿಂಬು ಒತ್ತಿ ಹಿಡಿದಿದ್ದ ನನ್ನ ಕೈ ಬಿಡಿಸಿ, ಆ ಕೆಲಸವನ್ನು ಶಾರದಮ್ಮನಿಗೇ ಕೊಟ್ಟಳು.

"ಅಜ್ಜಿ, ನೀವು ಹೊರಗೆ ಕೂತ್ಕೊಳ್ಳಿ. ನಿಮ್ಮ ಮುಖ ಕಂಡ್ರೆ ಅಜ್ಜನ ಹೊಲಿಗೆ ಎಳೀತದೆ."

ಮನೆಯಲ್ಲಿ ಇಷ್ಟು ವರ್ಷ ನನ್ನ ಮುಖ ಕಂಡು ತುಟಿ ಅಲುಗಿಸದ ಮನುಷ್ಯ. ನಾನು ವರಾಂಡದ ಬೆಂಚಿಗೆ ಹೋಗಿ ಕೂತೆ. ಅವರಿಗೆ ಗಂಜಿ ನಡೆಯುತ್ತದಂತೆ, ಹಾಲೂ ನಡೆಯುತ್ತದಂತೆ. ಅಪಥ್ಯ ಎಂದು ಉಳಿದದ್ದು ನಾನೊಬ್ಬಳೇ.