ಒಡೆಯರಿಲ್ಲದ ಹಳದಿ ಚುಕ್ಕಿ

ಎಲ್ಲಕ್ಕೂ ಕಾರಣ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಹಳದಿ ಚುಕ್ಕಿ. ಗೋಡೆಯಗಲದ ಪರದೆಯ ಮೇಲೆ ನಾನೂರ ಹನ್ನೆರಡು ಹಸಿರು ಚುಕ್ಕಿಗಳ ನಡುವೆ ಅದೊಂದು ಮಾತ್ರ, ಗಂಭೀರ ಸಭೆಯಲ್ಲಿ ಬಾಯಿ ತೆರೆದು ಆಕಳಿಸುವವನ ಹಾಗೆ ಎದ್ದು ಕಾಣುತ್ತಿತ್ತು.

ಬೋರ್ಡಪ್ಪ ಬೆಳಗ್ಗೆಯಿಂದ ಅದನ್ನೇ ಗುರಾಯಿಸುತ್ತ ಕೂತಿದ್ದ. ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ಆಫೀಸಿನವರು ಇಟ್ಟದ್ದು. ಅವರ ಕಂಪನಿ ಹತ್ತಾರು ಗಿರಾಕಿಗಳ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುತ್ತಿತ್ತು. ಯಂತ್ರಗಳೆಲ್ಲ ಕ್ಲೌಡ್‌ನಲ್ಲಿ, ಅಂದರೆ ಯಾರೂ ಕಣ್ಣಾರೆ ಕಂಡಿರದ ದೂರದ ಬಾಡಿಗೆ ಕಟ್ಟಡಗಳಲ್ಲಿ. ಮೊದಲು ಒಂಬತ್ತು ಕಡೆ ಇಣುಕಿ ನೋಡಬೇಕಿತ್ತು. ಬೋರ್ಡಪ್ಪ ಆರು ತಿಂಗಳು ಬೆನ್ನು ಬಗ್ಗಿಸಿ ಎಲ್ಲವನ್ನೂ ಒಂದೇ ಕನ್ಸೋಲಿಗೆ, ಅಂದರೆ ಗೋಡೆಯ ಮೇಲಿನ ಈ ಬೋರ್ಡಿಗೆ ತಂದಿದ್ದ. ಸರಿಯಿದ್ದದ್ದಕ್ಕೆ ಹಸಿರು ಚುಕ್ಕಿ, ಅನುಮಾನವಿದ್ದದ್ದಕ್ಕೆ ಹಳದಿ. ಯಂತ್ರಗಳು, ಜಾಲಗಳು, ಜೊತೆಗೆ ಡಿಎನ್‌ಎಸ್ ದಾಖಲೆಗಳು. ಎಂದರೆ ಯಾವ ಹೆಸರು ಹಿಡಿದು ಕರೆದರೆ ಯಾವ ಯಂತ್ರ ಓಗೊಡಬೇಕು ಎಂಬ ಪಟ್ಟಿ.

ಇವತ್ತು ಮೂರೂವರೆಗೆ ಮ್ಯಾನೇಜರ್ ಹೊಸ ಗಿರಾಕಿಗಳನ್ನು ಕರೆತಂದು ಈ ಬೋರ್ಡ್ ತೋರಿಸುವವರಿದ್ದರು.

"ಬೋರ್ಡ್ ಪೂರ್ತಿ ಹಸಿರಾಗಿದ್ರೆ ನೀನು ಬೇಗ ಹೊರಡಬಹುದು. ಒಂದು ಚುಕ್ಕಿ ಹಳದಿ ಇದ್ರೂ ಇಲ್ಲೇ ನಿಂತು ಅವರಿಗೆ ಉತ್ತರ ಹೇಳ್ಬೇಕು" ಎಂದಿದ್ದರು.

ಬೋರ್ಡಪ್ಪನಿಗೆ ಹೊರಡಲೇಬೇಕಿತ್ತು. ನಾಲ್ಕು ಗಂಟೆಗೆ ಸ್ಟುಡಿಯೋದಲ್ಲಿ ಕುಟುಂಬದ ಫೋಟೋ. ಅಜ್ಜಿಗೆ ತೊಂಬತ್ತು ತುಂಬಿತ್ತು, ಎಲ್ಲೆಲ್ಲಿಂದಲೋ ಹತ್ತೊಂಬತ್ತು ಜನ ಬಂದಿದ್ದರು. ಹೆಂಡತಿ ಬೆಳಗ್ಗೆ ಹೊಸ ಶರಟು, ಕೋಟು, ಪ್ಯಾಂಟು ಚೀಲಕ್ಕೆ ತುಂಬಿ ಕೈಗೆ ಕೊಡುತ್ತ ಹೇಳಿದ್ದಳು: "ಏನ್ರೀ, ಹೋದ ಸಲದ ಫೋಟೋದಲ್ಲಿ ನಿಮ್ಮ ಮೊಣಕೈ ಮಾತ್ರ ಬಂದಿದೆ. ಅದರ ಹಿಂದಿನ ಸಲ ಅದೂ ಇಲ್ಲ. ಈ ಸಲ ಬರ್ಲಿಲ್ಲ ಅಂದ್ರೆ ಅಜ್ಜಿ ಪಕ್ಕದಲ್ಲಿ ಖಾಲಿ ಕುರ್ಚಿ ಇಟ್ಟು ತೆಗೆಸ್ತೀನಿ."

ಹಳದಿ ಚುಕ್ಕಿಯ ಮೇಲೆ ಒತ್ತಿದರೆ ಒಂದೇ ಸಾಲು ಬರುತ್ತಿತ್ತು: 'ಹೆಸರು: ಮೂಲೆ-೭. ಒಡೆಯರು: ಗೊತ್ತಿಲ್ಲ.'

"ಯಾರದು ಮಾರಾಯ್ರೇ ಈ ಮೂಲೆ-೭?" ಎಂದು ಬೋರ್ಡಪ್ಪ ಇಡೀ ಆಫೀಸಿಗೆ ಕೇಳಿಸುವಂತೆ ಕೂಗಿದ. ಕೂಗಬಾರದಿತ್ತು. ಕೆಲಸವಿಲ್ಲದವರೆಲ್ಲ ಬಂದು ಸುತ್ತ ನಿಂತರು. ಕೆಲಸ ಇದ್ದವರು ಇನ್ನೂ ಬೇಗ ಬಂದರು.

ಭದ್ರತೆಯ ಉಸ್ತುವಾರಿಯವನು, ಎಲ್ಲರ ಬಾಯಲ್ಲಿ ಬೀಗದಣ್ಣ, ಕನ್ನಡಕ ಏರಿಸಿದ. "ಯಾರದೂ ಅಲ್ಲ ಅಂದ್ಮೇಲೆ ಕಳ್ಳರದೇ. ಕಿತ್ತು ಹಾಕು."

"ಅಯ್ಯೋ, ಯಾರಾದ್ರೂ ಬಳಸ್ತಾ ಇದ್ರೆ?" ಎಂದ ಬೋರ್ಡಪ್ಪ.

"ಬಳಸ್ತಾ ಇದ್ರೆ ಫೋನ್ ಮಾಡ್ತಾರೆ ಬಿಡಪ್ಪ!" ಎಂದಳು ಫೋನ್ ಎತ್ತುವ ಕೆಲಸದ ಆಪರೇಟರ್ ಅಕ್ಕ. ಬೇರೆಯವರ ಕಷ್ಟದಲ್ಲಿ ಅವಳಿಗೆ ಧೈರ್ಯ ಬಹಳ.

ಬೋರ್ಡಪ್ಪ ಕಣ್ಣು ಮುಚ್ಚಿ ಅಳಿಸುವ ಗುಂಡಿ ಒತ್ತಿದ. ಹಳದಿ ಮಾಯವಾಯಿತು. ಪರದೆ ನಾಟಿ ಮಾಡಿದ ಗದ್ದೆಯ ಹಾಗೆ ಹಸಿರಾಗಿ ನಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ಫೋನ್ ಬಂತು. ಗಿರಾಕಿಗಳಲ್ಲೊಂದಾದ ಸಾರ್ವಜನಿಕ ಈಜುಕೊಳದ ಮೇಲ್ವಿಚಾರಕಿ. "ನಮ್ಮ ಲಾಕರ್ ಒಂದೂ ತೆಗೀತಾ ಇಲ್ಲ ಕಣಪ್ಪ! ನಲವತ್ತು ಜನ ಒದ್ದೆ ಚಡ್ಡೀಲಿ ನಿಂತಿದಾರೆ. ಬಟ್ಟೆ ಎಲ್ಲಾ ಒಳಗಿದೆ!"

"ಇಲ್ಲಿ ಬೋರ್ಡ್ ಪೂರ್ತಿ ಹಸಿರಾಗಿದೆ ಮೇಡಂ" ಎಂದ ಬೋರ್ಡಪ್ಪ, ಅಭ್ಯಾಸಬಲದಿಂದ.

ಫೋನಿನಲ್ಲಿ ಅವಳ ಹಿಂದಿನಿಂದ ಯಾರದೋ ಗಡಸು ದನಿ ಕೇಳಿಸಿತು: "ಅವನಿಗೆ ಹೇಳಿ, ನಾನಿಲ್ಲಿ ಪೂರ್ತಿ ನೀಲಿಯಾಗ್ತಾ ಇದೀನಿ!"

ಬೋರ್ಡಪ್ಪನಿಗೆ ಆಗ ಹೊಳೆಯಿತು. ಲಾಕರುಗಳು ಬಾಗಿಲು ತೆರೆಯುವ ಮುನ್ನ ಕೇಳುತ್ತಿದ್ದುದು ಮೂಲೆ-೭ನ್ನೇ! ಗಡಿಬಿಡಿಯಲ್ಲಿ ಹೆಸರನ್ನೂ ಯಂತ್ರದ ಸಂಖ್ಯೆಯನ್ನೂ ಮತ್ತೆ ಬರೆದು ದಾಖಲೆಯನ್ನು ವಾಪಸ್ ಕೂರಿಸಿದ. ಆದರೆ 'ಆ ಹೆಸರಿನವರು ಯಾರೂ ಇಲ್ಲ' ಎಂಬ ಉತ್ತರವನ್ನು ಕೊಳದ ಲಾಕರುಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆ ಒಂದು ಗಂಟೆ ನೆನಪಿಟ್ಟುಕೊಳ್ಳುತ್ತಿತ್ತು. ಮರೆಸಬೇಕಾದರೆ ಆ ಪೆಟ್ಟಿಗೆಯನ್ನೇ ಆರಿಸಿ ಹೊತ್ತಿಸಬೇಕು.

"ಮೇಡಂ, ಲಾಕರ್ ಹಿಂದೆ ಒಂದು ಪೆಟ್ಟಿಗೆ ಇರತ್ತೆ, ಅದರ ಪ್ಲಗ್ಗು..."

"ಆ ಸಂದೀಲಿ ನಾನು ನುಗ್ಗಿದ್ರೆ ನನ್ನ ತೆಗೆಯೋಕೆ ಇನ್ನೊಂದು ಗುಂಪು ಬೇಕು. ನೀನೇ ಬಾ."

ಕೊಳ ಸ್ಟುಡಿಯೋದ ಹಿಂದಿನ ಬೀದಿಯಲ್ಲೇ ಇತ್ತು. ಹಾಗೇ ಫೋಟೋಗೂ ಹೋಗಬಹುದೆಂದು ಬೋರ್ಡಪ್ಪ ಚೀಲ ಹಿಡಿದು ಓಡಿದ.

ಕೊಳದ ಬಳಿ ನಲವತ್ತು ಜನ ಒಬ್ಬರಿಗೊಬ್ಬರು ಅಂಟಿಕೊಂಡು, ಚಳಿಗೆ ತಂತಿಯ ಮೇಲೆ ಕೂತ ಗುಬ್ಬಿಗಳಂತೆ ನಡುಗುತ್ತಿದ್ದರು. ಬೋರ್ಡಪ್ಪ ಫೋನನ್ನೂ ಚೀಲವನ್ನೂ ಮೇಲ್ವಿಚಾರಕಿಯ ಕೈಗಿತ್ತು, ಉಸಿರು ಎಳೆದುಕೊಂಡು ಲಾಕರ್ ಹಿಂದಿನ ಸಂದಿಗೆ ತೂರಿದ. ಪ್ಲಗ್ ಕಿತ್ತ, ಹತ್ತು ಎಣಿಸಿದ, ಚುಚ್ಚಿದ.

ಖಟ್, ಖಟ್, ಖಟ್! ನಲವತ್ತು ಬಾಗಿಲುಗಳು ತೆರೆದವು. ಜನ ಕುಣಿದಾಡಿದರು. ನೀಲಿಯಾಗುತ್ತಿದ್ದ ಗಡಸು ದನಿಯವರು ಸಂತೋಷ ತಡೆಯಲಾರದೆ, "ಭಲೇ ಮಗನೇ!" ಎಂದು ಬೋರ್ಡಪ್ಪನ ಬೆನ್ನಿಗೊಂದು ಏಟು ಕೊಟ್ಟರು. ಅವರು ಹಿಂದೆ ಕುಸ್ತಿಯಾಡಿದವರಿರಬೇಕು. ಬೋರ್ಡಪ್ಪ ಎರಡು ಹೆಜ್ಜೆ ಮುಂದೆ ಹೋದ. ಮೂರನೆಯ ಹೆಜ್ಜೆಗೆ ನೆಲ ಇರಲಿಲ್ಲ, ನೀರಿತ್ತು.

ಎತ್ತಿ ಮೇಲೆ ತಂದರು. "ಪರವಾಗಿಲ್ಲ, ಪರವಾಗಿಲ್ಲ" ಎಂದ ಬೋರ್ಡಪ್ಪ, ಬಾಯಿಂದ ನೀರು ಉಗುಳುತ್ತ. ನಿಜಕ್ಕೂ ಪರವಾಗಿರಲಿಲ್ಲ. ಚೀಲದಲ್ಲಿ ಗರಿಗರಿ ಶರಟು, ಕೋಟು, ಪ್ಯಾಂಟು ಕಾಯುತ್ತಿದ್ದವು. ಗಂಟೆ ಇನ್ನೂ ಮೂರೂ ಇಪ್ಪತ್ತು.

"ಔಷಧಿ ನೀರು, ಮೈ ಕಡಿಯತ್ತೆ. ಸ್ನಾನ ಮಾಡ್ಕೊಂಡು ಹೋಗು ತಮ್ಮಾ" ಎಂದು ಮೇಲ್ವಿಚಾರಕಿ ಕೊಳದ ದೊಡ್ಡ ಟವೆಲ್ ಒಂದನ್ನು ಕೊಟ್ಟಳು. ಬೋರ್ಡಪ್ಪ ಒದ್ದೆ ಬಟ್ಟೆಯನ್ನೂ ಚೀಲವನ್ನೂ ಲಾಕರಿನಲ್ಲಿಟ್ಟು ಬಾಗಿಲು ತಳ್ಳಿ, ಬಿಸಿನೀರಿನ ಕೆಳಗೆ ನಿಂತು, ಬಹಳ ದಿನಗಳ ಮೇಲೆ ಹಾಡು ಗುನುಗಿದ.

ಟವೆಲ್ ಸುತ್ತಿಕೊಂಡು ಹೊರಬರುವಾಗ ಮೇಲ್ವಿಚಾರಕಿ ಫೋನ್ ಚಾಚಿದಳು. "ನಿಮ್ಮ ಆಫೀಸಿಂದ."

"ಬೋರ್ಡಪ್ಪಾ, ನೀನು ನಿಶ್ಚಿಂತೆಯಿಂದ ಫೋಟೋಗೆ ಹೋಗು!" ಬೀಗದಣ್ಣನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. "ನೀನು ಆ ಕಡೆ ಹೋದದ್ದೇ ತಡ, ಆ ಹಳದಿ ಚುಕ್ಕಿ ಮತ್ತೆ ಬಂತು ನೋಡು. ಒಡೆಯರ ಹೆಸರೇ ಇಲ್ಲ! ಮ್ಯಾನೇಜರ್ ಒಳಗೆ ಬರೋ ಹೊತ್ತಿಗೆ ಸರಿಯಾಗಿ ನಾನೇ ಅಳಿಸಿಬಿಟ್ಟೆ. ಪೂರ್ತಿ ಹಸಿರು!"

ಬೋರ್ಡಪ್ಪ ಲಾಕರಿನ ಗುಂಡಿ ಒತ್ತಿದ. ಮತ್ತೆ ಒತ್ತಿದ. ಎರಡೂ ಕೈಯಿಂದ ಗುದ್ದಿದ. ಬಾಗಿಲು ಅಲ್ಲಾಡಲಿಲ್ಲ.

"ಅಣ್ಣಾ, ಅದನ್ನ ವಾಪಸ್ ಹಾಕು! ನಿನ್ನ ಕೈ ಮುಗೀತೀನಿ, ಈಗ್ಲೇ ಹಾಕು!"

ಅಷ್ಟರಲ್ಲಿ ಆ ಕಡೆ ಫೋನ್ ಮ್ಯಾನೇಜರ್ ಕೈ ಸೇರಿತ್ತು. "ಭೇಷ್! ಗಿರಾಕಿಗಳು ಬೋರ್ಡ್ ಬಿಟ್ಟು ಕದಲ್ತಾನೇ ಇಲ್ಲ. ಇನ್ನೊಂದು ಗಂಟೆ ಯಾರೂ ಏನೂ ಮುಟ್ಟಬಾರದು ಅಂತ ಹೇಳಿದೀನಿ. ನೀನು ಆರಾಮಾಗಿ ಹೋಗಿ ಬಾ!" ಎಂದು ಹೇಳಿ ಇಟ್ಟೇಬಿಟ್ಟರು. ಮತ್ತೆ ಮತ್ತೆ ಕರೆದರೂ ಯಾರೂ ಎತ್ತಲಿಲ್ಲ.

ಕೈಯಲ್ಲಿದ್ದ ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಹೆಂಡತಿ. "ಎಲ್ರೂ ಬಂದಾಯ್ತು ರೀ. ಖಾಲಿ ಕುರ್ಚಿ ತರಿಸ್ಲಾ?"

ಬೋರ್ಡಪ್ಪ ಗಡಿಯಾರ ನೋಡಿದ. ಲಾಕರ್ ನೋಡಿದ. ಟವೆಲನ್ನು ಎರಡು ಸುತ್ತು ಬಿಗಿದು ಬೀದಿಗೆ ಧುಮುಕಿದ.

ಸ್ಟುಡಿಯೋದ ಬಾಗಿಲು ತೆರೆದಾಗ ಹತ್ತೊಂಬತ್ತು ತಲೆಗಳು ಒಮ್ಮೆಗೇ ತಿರುಗಿದವು. ಇಸ್ತ್ರಿ ಮಾಡಿದ ಬಟ್ಟೆಗಳ ಎದುರು ಬೋರ್ಡಪ್ಪ ಏದುಸಿರು ಬಿಡುತ್ತ ನಿಂತಿದ್ದ. ಎದೆಗೆ ಸುತ್ತಿದ ಟವೆಲಿನ ಮೇಲೆ ದಪ್ಪ ಅಕ್ಷರದಲ್ಲಿ, 'ಕೊಳದ ಸ್ವತ್ತು. ಹೊರಗೆ ಒಯ್ಯಬಾರದು.' ಹೆಂಡತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭಾವಮೈದುನ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಫೋಟೋದವನು ಮೆಲ್ಲಗೆ, "ಇವರನ್ನ ಹಿಂದಿನ ಸಾಲಲ್ಲಿ ಬಗ್ಗಿಸಿ ನಿಲ್ಲಿಸೋಣ್ವಾ?" ಎಂದ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಪಕ್ಕದ ಕುರ್ಚಿಯನ್ನು ತಟ್ಟಿದಳು.

"ಹಿಂದೆ ಯಾಕೆ? ಇಲ್ಲೇ ಕೂರ್ಲಿ. ಇಷ್ಟು ಜನರಲ್ಲಿ ಇವನೊಬ್ನೇ ನೋಡು, ಫೋಟೋ ಅಂತ ಸ್ನಾನ ಮಾಡ್ಕೊಂಡು ಬಂದಿರೋನು!"