ಅರ್ಧ ಇಂಚಿನ ಉಪಕಾರ

ಆ ಮನೆಯ ಅಡುಗೆಕೋಣೆಯ ನಲ್ಲಿ ಮೂರು ತಿಂಗಳಿಂದ ಸೋರುತ್ತಿತ್ತು. ಮನೆಯ ಯಜಮಾನರಿಗೆ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತಿಕೆ. ಈ ಎರಡು ಸಂಗತಿಗಳನ್ನು ಯಾರೂ ಸೇರಿಸಿ ಆಡದಿರಲೆಂದು ಅವರು ಅಡುಗೆಕೋಣೆಯ ಕಡೆ ಹೋಗುವುದನ್ನೇ ಕಡಿಮೆ ಮಾಡಿದ್ದರು. ಬಿಡುವಾದಾಗಲೆಲ್ಲ ಲೋಕಸೇವೆಗೆ ಕೂರುತ್ತಿದ್ದರು.

ಲೋಕಸೇವೆ ಎಂದರೆ ಎಮ್ಯುಲೇಟರ್. ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿ ಕೂರುವ ಪ್ರೋಗ್ರಾಮು ಅದು. ಹಳೆಯ ಸಾಫ್ಟ್‌ವೇರು ತಾನಿನ್ನೂ ಹುಟ್ಟಿದ ಮನೆಯಲ್ಲೇ ಇದ್ದೇನೆಂದು ನಂಬಿ ಅದರೊಳಗೆ ಆರಾಮವಾಗಿ ಓಡಾಡುತ್ತದೆ. ಒಬ್ಬರ ಮುಖ ಒಬ್ಬರು ನೋಡದ ನಲವತ್ತು ಮಂದಿ, ಊರಿಗೊಬ್ಬರಂತೆ ಕುಳಿತು, ಸಂಬಳ ಸಾರಿಗೆ ಒಂದೂ ಇಲ್ಲದೆ ಅದನ್ನು ಕಟ್ಟುತ್ತಿದ್ದರು. ಆ ಬಳಗದಲ್ಲಿ ಇವರ ಹೆಸರು ಹಳೇಹುಲಿ. (ಮನೆಯಲ್ಲಿ ‘ರೀ’.) ಬಳಗಕ್ಕೆ ನಿಯಮಾವಳಿ ಬರೆದುಕೊಟ್ಟವರೂ ಇವರೇ. ಅದರ ಮೂರನೆಯ ನಿಯಮದ ಬಗ್ಗೆ ಇವರಿಗೆ ವಿಶೇಷ ಹೆಮ್ಮೆ: ‘ಹಳೆಯ ಯಂತ್ರ ತಪ್ಪು ಮಾಡುತ್ತಿತ್ತೆಂದರೆ ನಾವೂ ಅದೇ ತಪ್ಪನ್ನು ಮಾಡತಕ್ಕದ್ದು. ಆ ತಪ್ಪಿಗೆ ಹೊಂದಿಕೊಂಡು ಬದುಕುತ್ತಿರುವವರು ಎಲ್ಲೋ ಇರುತ್ತಾರೆ.’ ಇದನ್ನು ಮೀರಿದ ಬಳಗದ ಒಬ್ಬ ಪ್ರೊಫೆಸರರಿಗೆ ಎರಡು ಪುಟದ ಪತ್ರ ಬರೆದು ಬೆವರಿಳಿಸಿದ್ದರು.

ಹೆಂಡತಿ ಟೈಲರು. ಮುಂದಿನ ಕೋಣೆಯೇ ಆಕೆಯ ಅಂಗಡಿ. “ಸತ್ತ ಕಂಪ್ಯೂಟರಿಗೆ ಜೀವ ತುಂಬ್ತಾರೆ, ನಲ್ಲಿಗೊಂದು ವಾಷರ್ ತುಂಬೋಕಾಗಲ್ಲ” ಎಂದು ಗಿರಾಕಿಗಳ ಎದುರಿಗೇ ಹೇಳುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಗಂಡನ ಲೋಕಸೇವೆಗೆ ಆಕೆಯಿಂದ ಒಂದು ‘ಪರವಾಗಿಲ್ಲ’ ಕೂಡ ಸಿಕ್ಕಿರಲಿಲ್ಲ. ಹಳೇಹುಲಿಯವರಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ದಿನ ಅಂಗಡಿಯ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಸೊಂಟ, ಉದ್ದ ಕೊಟ್ಟರೆ ಯಾವ ತುಂಡನ್ನು ಎಷ್ಟಕ್ಕೆ ಕತ್ತರಿಸಬೇಕೆಂದು ಹೇಳುವ ಪುರಾತನ ಪ್ರೋಗ್ರಾಮು ಅದರಲ್ಲಿತ್ತು. ಊರಿನ ಅರ್ಧ ಸೊಂಟಗಳ ಅಳತೆಯೂ ಅದರಲ್ಲೇ ಇತ್ತು. ಹೊಸ ಬಸ್ ನಿಲ್ದಾಣದ ಉದ್ಘಾಟನೆಗೆ ವಾದ್ಯ ನುಡಿಸುವ ಹನ್ನೆರಡು ಮಂದಿಯ ಪ್ಯಾಂಟು ಬೇರೆ ಕತ್ತರಿಗೆ ಕಾದಿತ್ತು. ಬೆಲ್ಟ್ ಇಲ್ಲದೆ ಸೊಂಟಕ್ಕೆ ಅಚ್ಚುಕಟ್ಟಾಗಿ ಕೂರಬೇಕೆಂದು ಬ್ಯಾಂಡ್ ಮಾಸ್ಟರರ ಅಪ್ಪಣೆ.

“ರೀ, ಸ್ವಲ್ಪ ಬನ್ನಿ ಇಲ್ಲಿ” ಎಂದಳು ಹೆಂಡತಿ. ದನಿಯಲ್ಲಿ ನಲ್ಲಿಯ ಪ್ರಸ್ತಾಪವಿರಲಿಲ್ಲ.

ಹಳೇಹುಲಿಯವರು ತೋಳೇರಿಸಿದರು. ಒಂದೇ ಸಂಜೆಯಲ್ಲಿ ಸತ್ತ ಯಂತ್ರದ ಹೊಟ್ಟೆಯಿಂದ ಪ್ರೋಗ್ರಾಮನ್ನು ಹೊರತೆಗೆದು ಎಮ್ಯುಲೇಟರಿಗೆ ಇಳಿಸಿದರು. ಆಗ ಕಣ್ಣಿಗೆ ಬಿತ್ತು: ಮೂವತ್ತೆರಡು ಇಂಚಿನ ಸೊಂಟವನ್ನು ನಾಲ್ಕು ತುಂಡಿಗೆ ಹಂಚಿದರೆ ಪರದೆ ಏಳೂವರೆ ಎನ್ನುತ್ತಿದೆ. ಎಂಟಾಗಬೇಕಲ್ಲ? ಹಳೆಯ ಯಂತ್ರಕ್ಕೆ ಭಾಗಾಕಾರದಲ್ಲಿ ಅರ್ಧ ಇಂಚು ನುಂಗುವ ಹುಟ್ಟುಗುಣವಿತ್ತು. ಮೂರನೆಯ ನಿಯಮ ನೆನಪಾಯಿತು. ಆದರೆ ನಿಯಮ ಜಗತ್ತಿಗೆ, ಇವಳು ಸ್ವಂತ ಹೆಂಡತಿ. ಪಾಪ, ಇಷ್ಟು ವರ್ಷ ತಪ್ಪು ಲೆಕ್ಕದಲ್ಲಿ ದುಡಿದಳಲ್ಲ ಎಂದು ಮರುಗಿ, ಮನೆಯ ಪ್ರತಿಯಲ್ಲಿ ಮಾತ್ರ ದೋಷವನ್ನು ತಿದ್ದಿಬಿಟ್ಟರು. ಪ್ಯಾಂಟುಗಳೆಲ್ಲ ಮುಗಿದ ಮೇಲೆ ಹೇಳಿ ಬೆರಗುಗೊಳಿಸೋಣವೆಂದು ಬಾಯಿ ಬಿಗಿಹಿಡಿದರು.

“ಪರವಾಗಿಲ್ಲ ಕಣ್ರೀ” ಎಂದಳು ಹೆಂಡತಿ, ಪರದೆ ನೋಡಿ. ಹಳೇಹುಲಿಯವರಿಗೆ ಅವತ್ತು ಊಟ ಬೇಕೆನಿಸಲಿಲ್ಲ.

ಉದ್ಘಾಟನೆಯ ಹಿಂದಿನ ದಿನ, ಭಾನುವಾರ ಬೆಳಗ್ಗೆ, ಹೊಸ ಪ್ಯಾಂಟು ತೊಟ್ಟ ತಂಡ ತಾಲೀಮಿಗೆಂದು ಅದೇ ಬೀದಿಯಲ್ಲಿ ಬಂತು. ಗಂಡ ಹೆಂಡತಿ ಬಾಗಿಲಲ್ಲಿ ನಿಂತರು. ತಿರುವಿನಾಚೆ ಭರ್ಜರಿಯಾಗಿದ್ದ ಸಂಗೀತ ಹತ್ತಿರ ಬರುತ್ತಾ ಬಡಕಲಾಯಿತು. ಕಹಳೆಯವರು ಒಂದು ಕೈಯಲ್ಲಿ ಕಹಳೆ, ಇನ್ನೊಂದರಲ್ಲಿ ಸೊಂಟ ಹಿಡಿದಿದ್ದರು. ತಾಳದವನಿಗೆ ಎರಡೂ ಕೈ ಬೇಕು; ಅವನು ತಾಳ ಕಂಕುಳಲ್ಲಿ ಸಿಕ್ಕಿಸಿ ಮಾನ ಕಾಪಾಡಿಕೊಳ್ಳುತ್ತಿದ್ದ. ದೊಡ್ಡ ಡೋಲಿನವನೊಬ್ಬ ಮಾತ್ರ ಡೋಲಿನ ಮರೆಯಲ್ಲಿ ಧೈರ್ಯವಾಗಿ ಬಾರಿಸುತ್ತಿದ್ದ.

“ಏನಮ್ಮಾ ಇದು?” ಎಂದರು ಬ್ಯಾಂಡ್ ಮಾಸ್ಟರರು, ತಮ್ಮದನ್ನು ಎರಡೂ ಕೈಯಲ್ಲಿ ಹಿಡಿದು. “ನಾಳೆ ಸಚಿವರ ಮುಂದೆ ನಾವು ನುಡಿಸೋದಾ, ಹಿಡ್ಕೊಳ್ಳೋದಾ?”

ಹೆಂಡತಿ ಹೊಲಿದದ್ದು ವಾಪಸು ಬಂದದ್ದು ಇದೇ ಮೊದಲು. ಟೇಪು ತಂದು ಅಳೆದಳು. ಎಲ್ಲವೂ ಸರಿಯಾಗಿ ಎರಡಿಂಚು ಸಡಿಲ. ಟೇಪನ್ನು ಸುತ್ತುತ್ತಾ ಗಂಡನ ಕಡೆ ತಿರುಗಿದಳು.

“ರೀ, ಅದರಲ್ಲಿ ಏನಾದ್ರೂ ಕೈಯಾಡಿಸಿದ್ರಾ?”

“ಕೈಯಾಡಿಸಲಿಲ್ಲ. ಅದು ಅರ್ಧ ಇಂಚು ತಿಂತಿತ್ತು, ನಾನು ಸರಿ ಮಾಡಿದೆ.”

“ಅದು ತಿನ್ನುತ್ತೆ ಅಂತ ನಂಗೆ ಮೊದಲನೇ ವಾರವೇ ಗೊತ್ತಾಯ್ತು. ಅವತ್ತಿಂದ ಒಂದೊಂದು ತುಂಡಿಗೂ ಸೀಮೆಸುಣ್ಣದ ಗೆರೆ ಅರ್ಧ ಇಂಚು ಆಚೆಗೇ ಹಾಕ್ತೀನಿ. ಕೈ ತಾನಾಗಿ ಹೋಗುತ್ತೆ.”

“ನಂಗೆ ಒಂದು ಮಾತು ಹೇಳಬಾರದಿತ್ತಾ?”

“ನೀವು ಒಂದು ಮಾತು ಕೇಳಬಾರದಿತ್ತಾ?”

ಆ ಪ್ರೊಫೆಸರರಿಗೆ ಬರೆದ ಎರಡೂ ಪುಟ ಹಳೇಹುಲಿಯವರಿಗೆ ಅಕ್ಷರ ಬಿಡದೆ ನೆನಪಾದವು.

ಸಂಜೆಯವರೆಗೆ ಅವರು ಹನ್ನೆರಡು ಪ್ಯಾಂಟುಗಳ ಹೊಲಿಗೆ ಬಿಚ್ಚಿದರು. ಬೆರಳಿಗೆ ಏಳು ಬಾರಿ ಸೂಜಿ ಚುಚ್ಚಿಕೊಂಡರು. ಹೆಂಡತಿ ಮಿಷನ್ನು ತುಳಿದಳು. ಕೊನೆಯ ಪ್ಯಾಂಟು ಮಡಿಸಿಟ್ಟಾಗ ಹಳೇಹುಲಿಯವರಿಗೆ ನಾಚಿಕೆಯೂ ಆಯಿತು, ಆಕೆಯ ಮೇಲೆ ಅಕ್ಕರೆಯೂ ಉಕ್ಕಿತು. ಎದ್ದು ಸ್ಪ್ಯಾನರ್ ಹುಡುಕಿ ತೆಗೆದುಕೊಂಡು ಹೊರಟರು.

“ಎಲ್ಲಿಗೆ?”

“ನಲ್ಲಿ ಸರಿ ಮಾಡ್ತೀನಿ. ಇನ್ಮೇಲೆ ಕಂಪ್ಯೂಟರ್ ಮುಂದೆ ಕೂರೋದೂ ಕಮ್ಮಿ ಮಾಡ್ತೀನಿ. ನಾನೂ ಸರಿಯಾಗ್ತೀನಿ.”

“ಬೇಡಿ. ಆ ನಲ್ಲಿ ಕೆಳಗೆ ಬಕೆಟ್ ಇಟ್ಟು, ಆ ನೀರು ಚಿಮುಕಿಸಿಯೇ ಇಸ್ತ್ರಿ ಮಾಡ್ತೀನಿ. ನಿಮ್ಮನ್ನೂ ಅಷ್ಟೇ, ಎರಡಿಂಚು ಕಮ್ಮಿ ಅಂತ ಹಿಡಿದೇ ಈ ಮನೆ ಹೊಲಿದಿದ್ದೀನಿ. ಈಗ ಸರಿಯಾಗೋಕೆ ಹೋಗಬೇಡಿ, ಎಲ್ಲಾ ಸಡಿಲ ಆಗುತ್ತೆ.”

ಹಳೇಹುಲಿಯವರು ಸ್ಪ್ಯಾನರ್ ಕೆಳಗಿಟ್ಟರು. ಕಂಪ್ಯೂಟರಿನ ಮುಂದೆ ಕುಳಿತು ಅರ್ಧ ಇಂಚಿನ ದೋಷವನ್ನು ಜೋಪಾನವಾಗಿ ಮರಳಿ ಕೂರಿಸಿದರು. ಆಮೇಲೆ ಬಳಗದ ಮೂರನೆಯ ನಿಯಮವನ್ನು ತೆರೆದು, ‘ಎಲ್ಲೋ’ ಎಂಬುದನ್ನು ಹೊಡೆದುಹಾಕಿ ‘ಮನೆಯಲ್ಲೇ’ ಎಂದು ಬರೆದರು. ಉಳಿದ ಮೂವತ್ತೊಂಬತ್ತು ಮಂದಿ ಇದಕ್ಕೆ ಆಧಾರವೇನೆಂದು ಕೇಳಿದರು.

“ಹನ್ನೆರಡು ಜನರ ಮೇಲೆ ಪರೀಕ್ಷೆ ಮಾಡಿದ್ದೇನೆ” ಎಂದು ಹಳೇಹುಲಿ ಉತ್ತರಿಸಿದರು.